ಭಾಮೆ ಮಾತನಾಡುವುದು ಯಾವ ಕನ್ನಡ?

ಮೈಸೂರಿನ ಗೆಳೆಯರೇ, ಕಳೆದ ವಾರ ಮಾತಿನ ನಡುವೆ ನೀವು ಕೇಳಿದ ಪ್ರಶ್ನೆಗೆ ನನಗೆ ಆಗ ಉತ್ತರ ಹೊಳೆಯಲಿಲ್ಲ. "ನಿಮ್ಮ ಬೆಳಗಾವಿಯ ಕಡೆ ಎಲ್ಲವೂ ಅರ್ಧ ಮರಾಠಿಯಲ್ಲವೇ, ನಿಮ್ಮದೇ ಎಂದು ಹೇಳಿಕೊಳ್ಳುವಂಥ ಕಲೆ ಏನಿದೆ?" ಎಂದಿರಿ. ಕೊಂಕಿನಿಂದ ಕೇಳಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ನೀವು ಕನಿಕರದಿಂದ ಕೇಳಿದಿರಿ, ಅದಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನಿರುವುದು ರಾಯಬಾಗ ತಾಲ್ಲೂಕಿನಲ್ಲಿ. ನಮ್ಮ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದ ಹಳ್ಳಿಗಳಿಂದ ಎತ್ತಿನ ಗಾಡಿಗಳು ಸಾಲುಗಟ್ಟಿ ಬರುತ್ತವೆ. ಅವರು ತಮ್ಮ ಹಾಡು ಹಾಡುತ್ತಾರೆ, ನಾವು ನಮ್ಮ ಡೊಳ್ಳಿನ ಪದ ಹಾಡುತ್ತೇವೆ, ಭಂಡಾರ, ಅಂದರೆ ದೇವರ ಅರಿಶಿನ, ಎಲ್ಲರ ಹಣೆಗೂ ಒಂದೇ. ಅತ್ತ ಸೊಲ್ಲಾಪುರ ಜಿಲ್ಲೆಯ ಹುಲಜಂತಿಯಲ್ಲಿ ದೀಪಾವಳಿಗೆ ಮಾಳಿಂಗರಾಯನ ಪಲ್ಲಕ್ಕಿಗಳು ಕೂಡುವಾಗ ಕೇಳಿಬರುವ ಹಾಡು ಕನ್ನಡದ್ದು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಚೌಡಕಿ ಎಂಬ ತಂತಿವಾದ್ಯ ಎರಡೂ ಭಾಷೆಗಳಿಗೆ ನುಡಿಯುತ್ತದೆ. ಇದು ನಮಗೆ ವಿಶೇಷವೆಂದು ಅನ್ನಿಸುವುದೇ ಇಲ್ಲ.

ನೀವು ಮರಾಠಿಯದೆಂದು ತಿಳಿದಿರುವ ಕೆಲವು ಸಂಗತಿಗಳ ಬೇರು ಎಲ್ಲಿದೆ ಎಂಬುದನ್ನೂ ಹೇಳಲೇಬೇಕು. ಕರ್ನಾಟಕದಿಂದ ಹೋದ ಭಾಗವತರ ಮೇಳದ ಆಟವನ್ನು ನೋಡಿದ ಸಾಂಗಲಿಯ ಅರಸರು ಅಂಥದ್ದೇ ಮರಾಠಿಯಲ್ಲಿಯೂ ಆಗಬೇಕೆಂದು ಬಯಸಿದ್ದರಿಂದ ವಿಷ್ಣುದಾಸ ಭಾವೆಯವರು 1843ರಲ್ಲಿ ಸೀತಾ ಸ್ವಯಂವರವನ್ನು ರಂಗಕ್ಕೆ ತಂದರು, ಮರಾಠಿ ರಂಗಭೂಮಿಯ ಚರಿತ್ರೆಯನ್ನು ಅಲ್ಲಿಂದಲೇ ಎಣಿಸುತ್ತಾರೆ. 1880ರಲ್ಲಿ ಪುಣೆಯಲ್ಲಿ ಶಾಕುಂತಲವನ್ನು ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮಧ್ಯಪ್ರದೇಶದ ದೇವಾಸದಲ್ಲಿ ನೆಲೆನಿಂತು ಕಬೀರನನ್ನು ಹಾಡಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ನಮ್ಮ ಜಿಲ್ಲೆಯ ಸುಳೇಭಾವಿಯ ಶಿವಪುತ್ರ ಕೊಂಕಾಳಿಮಠ. ಇದನ್ನೆಲ್ಲ ಮರಾಠಿಗರ ಮೇಲೆ ಹಕ್ಕು ಸಾಧಿಸಲೆಂದು ಹೇಳುತ್ತಿಲ್ಲ. ಕೊಟ್ಟದ್ದೂ ಉಂಟು, ಪಡೆದದ್ದೂ ಉಂಟು. ಪಡೆದದ್ದನ್ನಷ್ಟೇ ಎಣಿಸಿ ನಮ್ಮನ್ನು ಅರ್ಧ ಕನ್ನಡಿಗರೆನ್ನುವುದು ನ್ಯಾಯವಲ್ಲ.

ಇನ್ನು ನನ್ನನ್ನು ವರ್ಷವೂ ಬಾಧಿಸುವ ತೊಡಕಿನ ವಿಷಯ. ನಮ್ಮ ಕಡೆಯ ಬಯಲಾಟವಾದ ಶ್ರೀಕೃಷ್ಣ ಪಾರಿಜಾತವನ್ನು ಆಡುವ ನಮ್ಮ ಊರಿನ ಮೇಳಕ್ಕೆ ನಾನು ಹಾರ್ಮೋನಿಯಂ ನುಡಿಸುತ್ತೇನೆ, ಮೇಳದ ಕಾಗದಪತ್ರಗಳನ್ನೂ ನೋಡಿಕೊಳ್ಳುತ್ತೇನೆ. ಅಪರಾಳ ತಮ್ಮಣ್ಣನು ಕಟ್ಟಿದ ಈ ಆಟಕ್ಕೆ ರಂಗದ ಮೈಕಟ್ಟು ಕೊಟ್ಟವನು ನಮ್ಮ ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ. ಈ ಆಟದ ಹೆಸರಾಂತ ಕಲಾವಿದೆ ಕೌಜಲಗಿಯ ನಿಂಗಮ್ಮನವರ ಹೆಸರು ಹೇಳಿದರೆ ಇಂದಿಗೂ ಹಿರಿಯರು ಎದ್ದು ಕುಳಿತು ಮಾತನಾಡುತ್ತಾರೆ. ಕಥೆ ನಿಮಗೆ ಗೊತ್ತಿರುವುದೇ: ನಾರದನು ತಂದ ಪಾರಿಜಾತದ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ.

ಈ ಆಟದಲ್ಲಿ ಪದ್ಯಗಳು ಪರಂಪರೆಯಿಂದ ಬಂದವು, ಅವುಗಳನ್ನು ನಾವು ಮುಟ್ಟುವುದಿಲ್ಲ. ಪದ್ಯ ಮುಗಿದ ಮೇಲೆ ಬರುವ ಗದ್ಯ ಮಾತ್ರ ಆಯಾ ರಾತ್ರಿಯದು, ಆಯಾ ಊರಿನದು, ಆಯಾ ನಟಿಯದು. ನಮ್ಮ ಭಾಮೆಯ ಪಾತ್ರ ಮಾಡುವ ತಾಯಿ ಹಗಲು ಕಬ್ಬಿನ ಹೊಲದಲ್ಲಿ ಕಳೆ ತೆಗೆಯುತ್ತಾರೆ. ಐದಾರು ವರ್ಷಗಳ ಹಿಂದೆ ಒಂದು ರಾತ್ರಿ ಅವರು ಕೃಷ್ಣನ ಎದುರು ನಿಂತು, "ಖರೇ ಹೇಳ್ರಿ, ಆ ಹೂವ ಯಾರ ಮುಡಿಗಿ ಹೋತು? ಒಂದ ಹೂವಿಗಿ ಇಷ್ಟ ಸುಳ್ಳ ಹೇಳಾವ್ರು ನಾಳೆ ಹೊಲ ನನ್ನ ಹೆಸರಿಗಿ ಬರದ ಕೊಡ್ತೀರೇನು?" ಎಂದುಬಿಟ್ಟರು. ಯಾರೂ ಹೇಳಿಕೊಟ್ಟ ಮಾತಲ್ಲ ಅದು. ಹೆಂಗಸರು ಕುಳಿತಿದ್ದ ಕಡೆಯಿಂದ ಎದ್ದ ಸದ್ದಿಗೆ ನಾನು ಹಾರ್ಮೋನಿಯಂ ನಿಲ್ಲಿಸಬೇಕಾಯಿತು. ಕೃಷ್ಣನ ವೇಷದಲ್ಲಿದ್ದ ನಮ್ಮ ಕಾಕಾ ಉತ್ತರ ಹುಡುಕುತ್ತ ಭಾಗವತನ ಮುಖ ನೋಡಿದರು. ಆಮೇಲೆ ಬೇರೆ ಊರುಗಳಲ್ಲಿ ಆಟವಾದಾಗ, ಹೊಲದ ಮಾತು ಬರಲೇಬೇಕೆಂದು ಹೆಣ್ಣುಮಕ್ಕಳು ಮುಂಚೆಯೇ ಹೇಳಿ ಕಳಿಸತೊಡಗಿದರು. ದ್ವಾರಕೆಯ ಜಗಳದೊಳಗೆ ನಮ್ಮ ಊರಿನ ಸಾತಬಾರಾ ಉತಾರ, ಅಂದರೆ ಹೊಲದ ಒಡೆತನದ ಕಾಗದ, ಹೀಗೆ ಬಂದು ಸೇರಿತು.

ಎರಡು ವರ್ಷಗಳ ಹಿಂದೆ ದೊಡ್ಡ ಊರಿನ ಸ್ಪರ್ಧೆಯೊಂದಕ್ಕೆ ಅರ್ಜಿ ಹಾಕಿದಾಗ ಸಂಭಾಷಣೆಯ ಬರಹವನ್ನು ಮೊದಲೇ ಒಪ್ಪಿಸಬೇಕೆಂದರು. ಕಷ್ಟಪಟ್ಟು ಬರೆದು ಕಳಿಸಿದೆವು. ತಿರುಗಿ ಬಂದ ಪ್ರತಿಯಲ್ಲಿ "ಖರೇ", "ಲಗೂನ", "ಕಿಮ್ಮತ್ತು" ಎಂಬ ಮಾತುಗಳಿಗೆಲ್ಲ ಕೆಂಪು ಗೆರೆ ಬಿದ್ದಿತ್ತು, ಪಕ್ಕದಲ್ಲಿ "ಮರಾಠಿ ಪ್ರಭಾವ, ತಿದ್ದಿಕೊಳ್ಳಿ" ಎಂದಿತ್ತು. ಹೊಲದ ಮಾತನ್ನು ಪುರಾಣಕ್ಕೆ ಸಂಬಂಧವಿಲ್ಲವೆಂದು ಪೂರ್ತಿ ಹೊಡೆದುಹಾಕಿದ್ದರು. ನಮ್ಮ ಭಾಮೆ ಆ ರಂಗದ ಮೇಲೆ "ನಿಜವನ್ನು ನುಡಿಯಿರಿ ಸ್ವಾಮಿ, ಆ ಪುಷ್ಪವು ಯಾರ ಪಾಲಾಯಿತು?" ಎಂದರು. ಹಳ್ಳಿಯಲ್ಲಿ ಗಂಟೆಗಟ್ಟಲೆ ಮಾತಿನ ಮಳೆ ಸುರಿಸುವ ಆ ತಾಯಿ ಅಂದು ಬಾಯಿಪಾಠ ಒಪ್ಪಿಸುವ ಶಾಲೆಯ ಹುಡುಗಿಯ ಹಾಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತದ್ದು ನನ್ನ ಕಣ್ಣಿನಿಂದ ಹೋಗುವುದಿಲ್ಲ. ಬಹುಮಾನ ಬರಲಿಲ್ಲ, ಅದರ ದುಃಖವೂ ಇಲ್ಲ. ಬಸ್ಸಿನಲ್ಲಿ ಮರಳುವಾಗ ಅವರು, "ಮಾಸ್ತರ್ರ, ನಾ ಆಡೂದು ಕನ್ನಡ ಅಲ್ಲೇನ್ರಿ?" ಎಂದು ಕೇಳಿದರು. ಅವರ ಜೀವನದಲ್ಲಿ ಬೇರೆ ಭಾಷೆಯೇ ಇಲ್ಲ.

ಗಡಿಯ ಆಚೆಗೆ ಹೋದರೆ ತೊಡಕು ಇನ್ನೊಂದು ಬಗೆಯದು. ಜತ್ತ ತಾಲ್ಲೂಕಿನ ಕನ್ನಡದ ಹಳ್ಳಿಗಳಲ್ಲಿ ನಮ್ಮ ಆಟಕ್ಕೆ ಜನ ತುಂಬುತ್ತಾರೆ. ಅಲ್ಲಿ ಕೃಷ್ಣ ಮತ್ತು ಗೊಲ್ಲತಿಯ ಪ್ರಸಂಗ ಬಂದಾಗ ನಮ್ಮ ಭಾಗವತ ಒಂದೆರಡು ಮಾತು ಮರಾಠಿಯಲ್ಲಿ ಹಾಕುತ್ತಾನೆ, ಏಕೆಂದರೆ ಮರಾಠಿಯ ಜನಪದ ಆಟವಾದ ತಮಾಶಾದ ಗವಳಣ ಎಂಬ ಭಾಗದಲ್ಲಿಯೂ ಮೊಸರು ಮಾರಲು ಹೊರಟ ಗೊಲ್ಲತಿಯರನ್ನು ಕೃಷ್ಣ ಅಡ್ಡಗಟ್ಟುತ್ತಾನೆ, ನೋಡುವವರಿಗೆ ಎರಡೂ ಗೊತ್ತು. ಒಮ್ಮೆ ಅದರ ತುಣುಕನ್ನು ಮೊಬೈಲಿನಲ್ಲಿ ನೋಡಿದ ನಮ್ಮ ಕಡೆಯವರೇ ಒಬ್ಬರು, ಕನ್ನಡದ ಆಟದಲ್ಲಿ ಮರಾಠಿ ಏಕೆ ಎಂದು ಜಗಳಕ್ಕೆ ಬಂದರು. ಅಲ್ಲಿಯ ಒಬ್ಬರು, ಆಟವನ್ನೇ ಮರಾಠಿಯಲ್ಲಿ ಏಕೆ ಆಡಬಾರದು ಎಂದು ಕೇಳಿದರು. ಇಬ್ಬರಿಗೂ ಭಾಗವತ ಒಂದೇ ಉತ್ತರ ಕೊಟ್ಟ: ಎದುರಿಗೆ ಕುಳಿತವರನ್ನು ಮಾತನಾಡಿಸದಿದ್ದರೆ ನಾನು ಭಾಗವತ ಹೇಗಾದೇನು?

ನಮ್ಮ ಕಡೆಯ ಆಟ, ಹಾಡುಗಳು ಕಾಲದ ಸುದ್ದಿಯಿಂದಲೇ ಬದುಕಿಕೊಂಡು ಬಂದಿವೆ. 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿದ ಹಲಗಲಿಯ ಬೇಡರ ಕಥೆಯನ್ನು ಉಳಿಸಿದ್ದು ಲಾವಣಿ. ಬೈಲಹೊಂಗಲದ ಗೆಳೆಯರಿಬ್ಬರ ನಡುವೆ ನಡೆದ ದ್ರೋಹವೂ ಕೊಲೆಯೂ ಸಂಗ್ಯಾ ಬಾಳ್ಯಾ ಎಂಬ ಸಣ್ಣಾಟವಾದಾಗ ರಂಗದ ಮೇಲೆ ದೇವರ ಜಾಗದಲ್ಲಿ ನೆರೆಮನೆಯವರು ಬಂದು ನಿಂತರು. ಅವರೆಲ್ಲ ತಮ್ಮ ಬಾಯಿಯ ಮಾತನ್ನೇ ಆಡಿದ್ದರಿಂದ ಜನ ನಂಬಿದರು. ಭಾಮೆಯ ಬಾಯಿಂದ "ಖರೇ" ಎಂಬುದನ್ನು ಕಿತ್ತರೆ ಹೋಗುವುದು ಒಂದು ಪದವಷ್ಟೇ ಅಲ್ಲ, ಅದರ ಹಿಂದೆಯೇ ಬರುವ ಹೊಲದ ಪ್ರಶ್ನೆಯೂ ಹೋಗುತ್ತದೆ, ಆ ಪ್ರಶ್ನೆ ಕೇಳುವ ಧೈರ್ಯವಿದ್ದ ಹೆಣ್ಣುಮಗಳೂ ಹೋಗುತ್ತಾಳೆ. ನಿಮ್ಮ ಕಡೆಯ ಬರಹದ ಕನ್ನಡವನ್ನು ನಾನು ಗೌರವಿಸುತ್ತೇನೆ, ಈ ಪತ್ರವನ್ನೂ ಅದರಲ್ಲಿಯೇ ಬರೆದಿದ್ದೇನೆ. ಆದರೆ ಅದರಲ್ಲಿ ಮುನಿಸಿಕೊಳ್ಳಲು ನಮ್ಮ ಭಾಮೆಗೆ ಬರುವುದಿಲ್ಲ.

ಈ ವರ್ಷವೂ ಅರ್ಜಿ ಬಂದಿದೆ. ಪದ್ಯಗಳನ್ನೆಲ್ಲ ಅಂದವಾಗಿ ಬರೆದು, ಸಂಭಾಷಣೆ ಎಂಬ ಕಡೆ "ಗದ್ಯವು ಆಯಾ ರಾತ್ರಿಯದು" ಎಂದು ಬರೆದು, ಭಾಮೆಯ ಪಾತ್ರಧಾರಿಯಿಂದಲೇ ಸಹಿ ಮಾಡಿಸಿ ನಿನ್ನೆ ಅಂಚೆಗೆ ಹಾಕಿದ್ದೇನೆ.