ಗುಳ್ಳೆಯೊಳಗಿನ ಸೂರ್ಯನನ್ನು ಇನ್ನೊಬ್ಬರೂ ಕಾಣಬೇಕು

ಪೊನ್ನಂಪೇಟೆ ಕಡೆಯ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರು ಕಾಫಿ ಬೆಳೆಗಾರರು, ಹಿಂದೆ ವಿಜ್ಞಾನದ ಮೇಷ್ಟರಾಗಿದ್ದವರು. ಪರಮಾಣು ಸಮ್ಮಿಲನದ (ಸೂರ್ಯನಲ್ಲಿ ನಡೆಯುವಂತೆ ಹಗುರ ಪರಮಾಣು ಬೀಜಗಳು ಕೂಡಿ ಶಕ್ತಿ ಚೆಲ್ಲುವುದರ) ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ನಮ್ಮ ಲೇಖನವು ಶಬ್ದತರಂಗದಿಂದ ಸಮ್ಮಿಲನ ಸಾಧಿಸುವ ಯತ್ನವನ್ನು ‘ದೃಢಪಡದ, ನಕಲಿ ಪ್ರಯೋಗ’ ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕಿತ್ತು. ಅವರು ಕೇಳುತ್ತಾರೆ: “‘ಸೈನ್ಸ್’ ಪತ್ರಿಕೆಯಲ್ಲಿ ಅಚ್ಚಾದದ್ದು ನಕಲಿ ಹೇಗಾಯಿತು? ಆ ಪ್ರಯೋಗ ಮಾಡಿದ, ಮದರಾಸಿನ ಐಐಟಿಯಲ್ಲಿ ಓದಿದ ರೂಸಿ ತಲೆಯಾರ್‌ಖಾನ್ ಅವರ ಜಾಗದಲ್ಲಿ ಬಿಳಿಯನಿದ್ದಿದ್ದರೆ ಹೀಗಾಗುತ್ತಿತ್ತೇ? ಮೇಜಿನ ಮೇಲೆ ಕೂರುವ ಯಂತ್ರ ಎಣ್ಣೆ ಕಂಪನಿಗಳಿಗೆ ಬೇಡವಾಗಿತ್ತು, ಅಷ್ಟೆ. ಕಾಫಿ ಹೂ ಅರಳಿಸುವ ಹೂಮಳೆಗಾಗಿ ಪಂಪಿಗೆ ಡೀಸೆಲ್ ಸುರಿಯುವವನ ಸಂಕಟ ನಿಮಗೇನು ಗೊತ್ತು?”

ಮಾನ್ಯರೇ,

ಸಂಕಟ ಗೊತ್ತಿದೆ. ನಿಮ್ಮ ಪಂಪಿನಿಂದಲೇ ಉತ್ತರ ಆರಂಭಿಸುತ್ತೇನೆ. ಮಾರ್ಚ್ ತಿಂಗಳಲ್ಲಿ ಕೆರೆಯ ನೀರು ಇಳಿದು, ಫುಟ್ ವಾಲ್ವಿಗೆ ಎಲೆ ಕಚ್ಚಿಕೊಂಡರೆ ಪಂಪು ಜಲ್ಲಿ ಅಗಿಯುವಂತೆ ಸದ್ದು ಮಾಡುತ್ತದೆಯಲ್ಲ? ಒಳಗೆ ಜಲ್ಲಿ ಇರುವುದಿಲ್ಲ. ಎಳೆತದ ಕಡೆ ಒತ್ತಡ ಕುಸಿದು ನೀರಿನಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ಒತ್ತಡ ಹೆಚ್ಚಿರುವ ಕಡೆಗೆ ಬಂದೊಡನೆ ಅವು ಮುದುಡಿ ಸಿಡಿಯುತ್ತವೆ. ನೀರು ತಳ್ಳುವ ಚಕ್ರವಾದ ಇಂಪೆಲ್ಲರ್ ಬಿಚ್ಚಿದರೆ ಗೆದ್ದಲು ತಿಂದಂತೆ ಗುಳಿಗಳು. ಹಡಗಿನ ಪ್ರೊಪೆಲರ್‌ಗಳಿಗೂ ಇದೇ ಕಾಟ. ಗುಳ್ಳೆ ಕುಸಿಯುವಾಗ ದ್ರವದಲ್ಲಿ ಒತ್ತಡ ಎಷ್ಟು ಏರುತ್ತದೆಂದು ಲಾರ್ಡ್ ರ‍್ಯಾಲೆ 1917ರಲ್ಲೇ ಲೆಕ್ಕ ಹಾಕಿದ್ದರು. ಎರಕದ ಲೋಹವನ್ನು ಕೊರೆಯುವಷ್ಟು ಶಕ್ತಿ ಕಣ್ಣಿಗೆ ಕಾಣದ ಗುಳ್ಳೆಯಲ್ಲಿ ಇದೆಯೆಂದ ಮೇಲೆ ತಲೆಯಾರ್‌ಖಾನ್ ಅವರು ಅಂಥ ಗುಳ್ಳೆಯಲ್ಲೇ ಸಮ್ಮಿಲನ ಸಾಧಿಸಬಹುದೆಂದು ಯೋಚಿಸಿದ್ದು ಹುಚ್ಚಾಗಿರಲಿಲ್ಲ ಎಂದು ಒಪ್ಪಬೇಕಾಗುತ್ತದೆ.

ಅದಕ್ಕೊಂದು ಬೆಳಕಿನ ಕಥೆಯೂ ಇದೆ. 1934ರಲ್ಲಿ ಕಲೋನ್ ವಿಶ್ವವಿದ್ಯಾಲಯದಲ್ಲಿ ದ್ರವದೊಳಗೆ ತೀವ್ರ ಶಬ್ದ ಹಾಯಿಸಿದಾಗ ಮಿಣುಕು ಬೆಳಕು ಕಾಣಿಸಿತು. 1989ರ ಹೊತ್ತಿಗೆ ಫೆಲಿಪೆ ಗೈಟಾನ್ ಮತ್ತು ಲಾರೆನ್ಸ್ ಕ್ರಮ್ ಒಂದೇ ಒಂದು ಗುಳ್ಳೆಯನ್ನು ಶಬ್ದದ ಅಲೆಯಲ್ಲಿ ಹಿಡಿದು ನಿಲ್ಲಿಸಿ, ಅಲೆಯೊಂದಕ್ಕೆ ಒಮ್ಮೆ ಅದು ಕುಗ್ಗಿ ಮಿಂಚುವುದನ್ನು ತೋರಿಸಿದ್ದರು. ಸೋನೋಲೂಮಿನೆಸೆನ್ಸ್ ಎಂದು ಇದರ ಹೆಸರು. ಇದರಲ್ಲಿ ಯಾರಿಗೂ ಸಂಶಯವಿಲ್ಲ. ಹಲವು ಪ್ರಯೋಗಾಲಯಗಳು ಮತ್ತೆ ಮತ್ತೆ ಮಾಡಿ ನೋಡಿವೆ. ಗಂಧಕಾಮ್ಲದೊಳಗಿನ ಆರ್ಗಾನ್ ಗುಳ್ಳೆಯಲ್ಲಿ ಸುಮಾರು 15,000 ಕೆಲ್ವಿನ್ ಉಷ್ಣತೆಯನ್ನು 2005ರಲ್ಲಿ ಅಳೆದರು. ಸೂರ್ಯನ ಮೇಲ್ಮೈ ಸುಮಾರು 5,800 ಕೆಲ್ವಿನ್. ಆದರೆ ಸಮ್ಮಿಲನಕ್ಕೆ ಬೇಕಾದದ್ದು ಕೋಟಿಗಳ ಲೆಕ್ಕದ ಉಷ್ಣತೆ. ಗುಳ್ಳೆಯ ನಡುವಿನ ಬಿಂದು ಅಲ್ಲಿಯವರೆಗೆ ಏರಬಲ್ಲದೇ? ಜಗಳವೆಲ್ಲ ಈ ಅಂತರದ್ದು.

2002ರ ಮಾರ್ಚ್‌ನಲ್ಲಿ, ಅಮೆರಿಕದ ಓಕ್ ರಿಜ್ ಪ್ರಯೋಗಾಲಯದಲ್ಲಿದ್ದ ತಲೆಯಾರ್‌ಖಾನ್ ಮತ್ತು ಸಂಗಡಿಗರು ಏರಬಲ್ಲದು ಎಂದರು. ಜಲಜನಕದ ಬದಲು ಅದರ ಭಾರದ ರೂಪವಾದ ಡ್ಯುಟೀರಿಯಂ ತುಂಬಿದ ಅಸಿಟೋನ್ ದ್ರವಕ್ಕೆ ನ್ಯೂಟ್ರಾನ್ ಹೊಡೆದು ಗುಳ್ಳೆ ಎಬ್ಬಿಸಿ, ಶಬ್ದದಿಂದ ಅದನ್ನು ಹಿಗ್ಗಿಸಿ ಕುಗ್ಗಿಸಿದರು. ಎರಡು ಡ್ಯುಟೀರಿಯಂ ಬೀಜಗಳು ಕೂಡಿದರೆ ಒಂದೋ ಸುಮಾರು 2.5 ಎಂಇವಿ (ಕಣಗಳ ಶಕ್ತಿಯನ್ನು ಅಳೆಯುವ ಮಾನ) ಶಕ್ತಿಯ ನ್ಯೂಟ್ರಾನ್ ಹೊರಬೀಳಬೇಕು, ಇಲ್ಲವೇ ಜಲಜನಕದ ಇನ್ನೂ ಭಾರದ ರೂಪವಾದ ಟ್ರಿಟಿಯಂ ಹುಟ್ಟಬೇಕು. ಎರಡನ್ನೂ ಕಂಡೆವು ಎಂಬುದು ಅವರ ಮಾತು. ತೊಡಕು ಇಲ್ಲೇ ಇತ್ತು. ಗುಳ್ಳೆ ಎಬ್ಬಿಸಲು ಬಳಸಿದ್ದೂ ನ್ಯೂಟ್ರಾನ್, ಅದೂ 14 ಎಂಇವಿಯದು, ಹುಡುಕುತ್ತಿದ್ದುದೂ ನ್ಯೂಟ್ರಾನ್. ಹೊರಗಿನಿಂದ ಬಂದು ಅಲೆದಾಡುತ್ತಿರುವುದು ಯಾವುದು, ಒಳಗೆ ಹುಟ್ಟಿದ್ದು ಯಾವುದು ಎಂಬುದನ್ನು ಮೈಕ್ರೊಸೆಕೆಂಡುಗಳ ಲೆಕ್ಕದಲ್ಲಿ ಬೇರ್ಪಡಿಸಬೇಕು.

ಅದೇ ಓಕ್ ರಿಜ್‌ನ ಡಾನ್ ಶಪೀರಾ ಮತ್ತು ಮೈಕೆಲ್ ಸಾಲ್ಟ್‌ಮಾರ್ಶ್ ಅದೇ ಉಪಕರಣಕ್ಕೆ ದೊಡ್ಡ ಪತ್ತೆಕಾರಕ ಜೋಡಿಸಿ ನೋಡಿದರು. ಗುಳ್ಳೆಯ ಮಿಂಚಿನ ಜೊತೆಗೆ ಬರುವ 2.5 ಎಂಇವಿ ನ್ಯೂಟ್ರಾನ್ ಅವರಿಗೆ ಕಾಣಲಿಲ್ಲ. ಇದ್ದರೂ ಅದು ಮೊದಲ ತಂಡ ಕಂಡೆವೆಂದ ಟ್ರಿಟಿಯಂಗೆ ಹೊಂದಲು ಬೇಕಾದುದರ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಹೆಚ್ಚಿರಲಾರದು ಎಂದು ಬರೆದರು. ತಲೆಯಾರ್‌ಖಾನ್ ಇದನ್ನು ಒಪ್ಪಲಿಲ್ಲ.

ಹೀಗಿದ್ದೂ ‘ಸೈನ್ಸ್’ ಅದನ್ನು ಅಚ್ಚು ಹಾಕಿತು. ಸಂಪಾದಕ ಡೊನಾಲ್ಡ್ ಕೆನಡಿ ಅವರ ಮೇಲೆ ಒತ್ತಡ ಬಂದಿತ್ತು, ಅವರು ಮಣಿಯಲಿಲ್ಲ. ಸಣ್ಣ ಪತ್ರಿಕೆಯ ಸಂಪಾದಕನಾಗಿ ನಾನು ಅವರ ಪಕ್ಷ. ಅಚ್ಚಿಗೆ ಕಳುಹಿಸುವುದೆಂದರೆ ನಿಜವೆಂದು ಮುದ್ರೆ ಒತ್ತುವುದಲ್ಲ, ‘ಇಗೋ ಇದೆ, ನೀವೂ ಮಾಡಿ ನೋಡಿ’ ಎಂದು ಎಲ್ಲರ ಮುಂದೆ ಇಡುವುದು. ನಿಮ್ಮ ಮೊದಲ ಪ್ರಶ್ನೆಗೆ ಇದೇ ಉತ್ತರ. ಮಾಡಿ ನೋಡಿದವರೂ ಇದ್ದರು. ಬಿಬಿಸಿ ಕೇಳಿಕೊಂಡದ್ದರಿಂದ ಲಾಸ್ ಏಂಜಲೀಸ್‌ನ ಭೌತವಿಜ್ಞಾನಿ ಸೆತ್ ಪಟ್ಟರ್‌ಮನ್ 2005ರಲ್ಲಿ ಪ್ರಯತ್ನಿಸಿದರು. ಸಮ್ಮಿಲನದ ಗುರುತು ಸಿಗಲಿಲ್ಲ.

ಅಷ್ಟರಲ್ಲಿ ತಲೆಯಾರ್‌ಖಾನ್ ಪರ್ಡ್ಯೂ ವಿಶ್ವವಿದ್ಯಾಲಯ ಸೇರಿದ್ದರು. 2006ರಲ್ಲಿ, ಹೊರಗಿನ ನ್ಯೂಟ್ರಾನ್ ಇಲ್ಲದೆಯೇ ಗುಳ್ಳೆ ಎಬ್ಬಿಸಿ ಸಾಧಿಸಿದೆವು ಎಂಬ ಹೊಸ ಪ್ರಬಂಧ ಬಂತು. ಅದರಲ್ಲಿನ ನ್ಯೂಟ್ರಾನ್ ರೋಹಿತವು (ಯಾವ ಶಕ್ತಿಯ ನ್ಯೂಟ್ರಾನ್ ಎಷ್ಟು ಎಂಬ ನಕ್ಷೆಯು) ಸಮ್ಮಿಲನಕ್ಕಿಂತ ಕ್ಯಾಲಿಫೋರ್ನಿಯಂ-252ಕ್ಕೆ ಚೆನ್ನಾಗಿ ಹೊಂದುತ್ತದೆ ಎಂದು ಭೌತವಿಜ್ಞಾನಿ ಬ್ರಯಾನ್ ನರಾಂಜೊ ತೋರಿಸಿದರು. ತಾನಾಗಿಯೇ ಒಡೆದು ನ್ಯೂಟ್ರಾನ್ ಚೆಲ್ಲುವ ಈ ಧಾತುವನ್ನು ಪ್ರಯೋಗಾಲಯಗಳಲ್ಲಿ ಉಪಕರಣ ಸರಿನೋಡಲು ಇಟ್ಟಿರುತ್ತಾರೆ. 2008ರಲ್ಲಿ ಪರ್ಡ್ಯೂವಿನ ತನಿಖಾ ಸಮಿತಿ ಎರಡು ಆರೋಪಗಳನ್ನು ಎತ್ತಿಹಿಡಿಯಿತು. ಕೆಲಸದಲ್ಲಿ ಹೇಳಿಕೊಳ್ಳುವ ಪಾಲಿಲ್ಲದ ವಿದ್ಯಾರ್ಥಿಯೊಬ್ಬರ ಹೆಸರನ್ನು ಪ್ರಬಂಧವೊಂದಕ್ಕೆ ಸೇರಿಸಲಾಗಿತ್ತು. ತಾವೇ ಭಾಗಿಯಾಗಿದ್ದ ಪ್ರಯೋಗವನ್ನು ತಲೆಯಾರ್‌ಖಾನ್ ‘ಸ್ವತಂತ್ರವಾಗಿ ದೃಢಪಟ್ಟಿದೆ’ ಎಂದು ಬರೆದಿದ್ದರು.

ಇದು ಕಾಗದದ ಮೇಲಿನ ತಾಂತ್ರಿಕ ತಪ್ಪು ಎಂದು ನೀವು ಬರೆದಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ. ಗುಳ್ಳೆಯ ಪ್ರಶ್ನೆಯಲ್ಲಿ ಎಲ್ಲವೂ ನಿಂತಿದ್ದುದೇ ಇನ್ನೊಬ್ಬರ ಕೈಗೂ ಅದು ಎಟುಕುತ್ತದೆಯೇ ಎಂಬುದರ ಮೇಲೆ. ಮೇಷ್ಟರಾಗಿದ್ದ ನಿಮಗೆ ಗೊತ್ತು: ಪಕ್ಕದ ಹುಡುಗನ ಉತ್ತರಪತ್ರಿಕೆ ನೋಡಿ ಬರೆದ ಉತ್ತರ ಸರಿಯಿದ್ದರೂ ಅದು ಎರಡನೆಯ ಉತ್ತರವಲ್ಲ.

ಬಿಳಿಯನಿದ್ದಿದ್ದರೆ? 1989ರಲ್ಲಿ ಶೀತಲ ಸಮ್ಮಿಲನ (ಕೋಣೆಯ ಉಷ್ಣತೆಯಲ್ಲೇ ಸಮ್ಮಿಲನ) ಘೋಷಿಸಿದ ಫ್ಲೈಶ್‌ಮನ್ ಬ್ರಿಟಿಷರು, ಪಾನ್ಸ್ ಅಮೆರಿಕದವರು. ಉಳಿದವರಿಗೆ ಫಲಿತಾಂಶ ಸಿಗದಿದ್ದಾಗ ಅವರಿಗೂ ರಿಯಾಯಿತಿ ದೊರೆಯಲಿಲ್ಲ. ಎಣ್ಣೆ ಕಂಪನಿಗಳ ಮಾತಿಗೆ ಆಧಾರ ಕಾಣುತ್ತಿಲ್ಲ. ಓಕ್ ರಿಜ್ ಪ್ರಯೋಗಕ್ಕೆ ಅಮೆರಿಕದ ರಕ್ಷಣಾ ಇಲಾಖೆಯ ದಾರ್ಪಾ ಸಂಸ್ಥೆಯೇ ಹಣ ಕೊಟ್ಟಿತ್ತು. ಸಮ್ಮಿಲನದ ಹಾದಿ ಮುಚ್ಚಿಯೂ ಇಲ್ಲ. 2022ರ ಡಿಸೆಂಬರ್ 5ರಂದು ಕ್ಯಾಲಿಫೋರ್ನಿಯಾದ ಲೇಸರ್ ಪ್ರಯೋಗದಲ್ಲಿ ಇಂಧನದ ಗುರಿಗೆ 2.05 ಮೆಗಾಜೂಲ್ ಕೊಟ್ಟು 3.15 ಮೆಗಾಜೂಲ್ ಪಡೆದರು. ನಮ್ಮ ಕೆರೆಯ ದಂಡೆಗೆ ಅದು ಬರಲು ಬಹಳ ಕಾಲ ಬೇಕು, ನಿಜ. ಲೇಸರ್‌ಗಳಿಗೆ ಗ್ರಿಡ್‌ನಿಂದ ಹೀರಿದ ವಿದ್ಯುತ್ತು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಆದರೆ ಒಂದು ವಿಷಯದಲ್ಲಿ ನೀವು ಸರಿ, ತಪ್ಪು ನಮ್ಮದು. ಪರ್ಡ್ಯೂ ಸಮಿತಿ ಎತ್ತಿಹಿಡಿದ ಎರಡು ಆರೋಪಗಳಲ್ಲಿ ಪ್ರಯೋಗವೇ ನಡೆಯಲಿಲ್ಲ ಎಂಬುದಾಗಲಿ, ಅಂಕಿಗಳನ್ನು ಕಟ್ಟಿದರು ಎಂಬುದಾಗಲಿ ಇಲ್ಲ. ಹಾಗಿರುವಾಗ ‘ನಕಲಿ’ ಎಂದು ಬರೆಯುವ ಹಕ್ಕು ನಮಗಿರಲಿಲ್ಲ. ಕರಡು ತಿದ್ದುವಾಗ ಆ ಪದವನ್ನು ಹಾಗೆಯೇ ಉಳಿಸಿದವನು ನಾನೇ. ಅದನ್ನು ಹಿಂತೆಗೆದುಕೊಳ್ಳುತ್ತೇವೆ, ‘ದೃಢಪಡದ’ ಎಂಬುದು ಹಾಗೆಯೇ ಇರುತ್ತದೆ. ಮುಂದಿನ ಸಂಚಿಕೆಯ ಮೂರನೆಯ ಪುಟದಲ್ಲಿ ತಿದ್ದುಪಡಿ ಬರಲಿದೆ. ಗುಳ್ಳೆ ತಿಂದ ಹಳೆಯ ಇಂಪೆಲ್ಲರ್ ನಿಮ್ಮ ಪಂಪ್‌ಹೌಸಿನಲ್ಲಿ ಬಿದ್ದಿದ್ದರೆ ದಯವಿಟ್ಟು ಫೋಟೊ ತೆಗೆದು ಕಳುಹಿಸಿ, ತಿದ್ದುಪಡಿಯ ಪಕ್ಕದಲ್ಲೇ ಅಚ್ಚು ಹಾಕುತ್ತೇವೆ.

— ಸಂಪಾದಕ