ಪರದೆಯಲ್ಲಿ ಚೆನ್ನಾಗಿದ್ದ ಮುಖ ಅಚ್ಚಿನಲ್ಲಿ ಕಪ್ಪಾಗಿ, ಮೇಣದಂತೆ ಕಂಡಿದ್ದಕ್ಕೆ

ಕಂಪ್ಯೂಟರ್‌ನಲ್ಲಿ ತಿದ್ದಿ ಅಚ್ಚು ಹಾಕಿಸಿದ ಭಾವಚಿತ್ರ ಹೀಗೇಕೆ ಬಂತು ಎಂದು ಕೇಳಿದ್ದಿರಿ. ಕಪ್ಪಾಗಿದ್ದಕ್ಕೆ ನಿಮ್ಮ ಪರದೆಯ ಅತಿಯಾದ ಬೆಳಕೇ ಕಾರಣವಿರಬೇಕು. ಮೇಣದಂತೆ ಕಂಡಿದ್ದು ಇಡೀ ಮುಖಕ್ಕೆ ಬ್ಲರ್ (ಮಸುಕುಗೊಳಿಸುವಿಕೆ) ಹಾಕಿದ್ದರಿಂದ. ನನಗೂ ಇವೆರಡೂ ಒಟ್ಟಿಗೇ ಕಾಡಿದ್ದವು.

ಮೊದಲು ಪರದೆಯ ಬೆಳಕನ್ನು ಪಕ್ಕದಲ್ಲಿ ಹಿಡಿದ ಬಿಳಿ ಕಾಗದದ ಮಟ್ಟಕ್ಕೆ ಇಳಿಸಿ. ಮೂಲ ಚಿತ್ರದಿಂದಲೇ ಮತ್ತೆ ಆರಂಭಿಸಿ, ಹೊಸ ಲೇಯರ್‌ನಲ್ಲಿ (ಮೂಲ ಚಿತ್ರದ ಮೇಲಿನ ಪ್ರತ್ಯೇಕ ಪದರ) ಹೀಲಿಂಗ್ ಬ್ರಷ್‌ನಿಂದ (ಕಲೆಗಳನ್ನು ಸುತ್ತಲ ಚರ್ಮಕ್ಕೆ ಹೊಂದಿಸಿ ಮುಚ್ಚುವ ಸಾಧನ) ಮೊಡವೆಗಳನ್ನಷ್ಟೇ ತೆಗೆಯಿರಿ. ಮಚ್ಚೆ, ನಗುವಿನ ಗೆರೆಗಳು ಆ ವ್ಯಕ್ತಿಯ ಗುರುತು, ದಯವಿಟ್ಟು ಮುಟ್ಟಬೇಡಿ. ಕಣ್ಣಿನ ಕೆಳಗಿನ ಕಪ್ಪನ್ನು ಅರ್ಧದಷ್ಟು ತಿಳಿಯಾಗಿಸಿದರೆ ಸಾಕು. ಚಿತ್ರವನ್ನು 100% ಗಾತ್ರದಲ್ಲಿ ನೋಡಿದಾಗ ಕೆನ್ನೆಯ ಸೂಕ್ಷ್ಮ ರಂಧ್ರಗಳು ಕಾಣಲೇಬೇಕು.

ಆಮೇಲೆ ಮುದ್ರಣಾಲಯದವರಿಂದ ಸಿಎಂವೈಕೆ ಪ್ರೊಫೈಲ್ (ಮುದ್ರಣದ ನಾಲ್ಕು ಶಾಯಿಗಳ ಬಣ್ಣ ಹೇಗೆ ಬರುತ್ತದೆ ಎಂದು ತಿಳಿಸುವ ಕಡತ) ಪಡೆದು ಸಾಫ್ಟ್ ಪ್ರೂಫ್‌ನಲ್ಲಿ, ಅಂದರೆ ಅಚ್ಚು ಹೇಗೆ ಕಾಣಬಹುದು ಎಂಬುದನ್ನು ಪರದೆಯಲ್ಲೇ ತೋರಿಸುವ ನೋಟದಲ್ಲಿ, ನೋಡಿ. ಚರ್ಮ ಕೆಂಪಾಗಿ ಕಂಡರೆ ಮಜೆಂಟಾ (ಗುಲಾಬಿ ಛಾಯೆಯ ಶಾಯಿ) ತಗ್ಗಿಸಿ. ಎಷ್ಟು ತಗ್ಗಿಸಬೇಕು ಎಂಬುದು ಕಾಗದವನ್ನು ಅವಲಂಬಿಸಿದೆ, ಹಾಗಾಗಿ ಒಂದು ಪ್ರೂಫ್ ಪ್ರತಿ (ಪರೀಕ್ಷಾ ಅಚ್ಚು) ತೆಗೆಸಿ ಹಗಲು ಬೆಳಕಿನಲ್ಲಿ ಪರೀಕ್ಷಿಸಿ. ಶಾರ್ಪನಿಂಗ್ (ಚಿತ್ರದ ಅಂಚುಗಳನ್ನು ಚುರುಕಾಗಿಸುವುದು) ಕೊನೆಗೆ, ಅಚ್ಚಾಗುವ ಅಳತೆಗೆ 300 ಪಿಪಿಐ (ಒಂದು ಇಂಚಿಗೆ ಇರುವ ಪಿಕ್ಸೆಲ್‌ಗಳು) ಇಟ್ಟ ನಂತರ.