ರೋಲರ್ ಇಲ್ಲದ ಹಳೆಯ ಚಿಪ್ಪರ್ ಕೊಳ್ಳಬಹುದೇ?

ಪ್ರಶ್ನೆ: ಸವರಿದ ಕೊಂಬೆಗಳನ್ನು ಚಕ್ಕೆ ಮಾಡಲು ಹಳೆಯ ಡ್ರಮ್ ಚಿಪ್ಪರ್ (ಬ್ಲೇಡ್ ಕೂರಿಸಿದ ಉರುಳೆ ತಿರುಗಿ ಕೊಂಬೆ ಕತ್ತರಿಸುವ ಯಂತ್ರ) ಒಂದು ಅಗ್ಗಕ್ಕೆ ಸಿಗುತ್ತಿದೆ. ಕೊಂಬೆಯನ್ನು ಹಿಡಿದು ಒಳಗೆ ಸಾಗಿಸುವ ಫೀಡ್ ರೋಲರ್ ಇಲ್ಲ, ಕೈಯಲ್ಲೇ ಕೊಂಬೆ ಕೊಡಬೇಕು. ಎಂಜಿನ್ ಚೆನ್ನಾಗಿದೆ. ಕೊಳ್ಳಬಹುದೇ?

ಉತ್ತರ: ಎಂಜಿನ್ ಆಮೇಲೆ ನೋಡಿ. ಮೊದಲು ಯಂತ್ರ ನಿಂತಿರುವಾಗ, ಕೊಂಬೆ ಕೊಡುವ ಬಾಯಿಯ ಅಂಚಿನಿಂದ ಒಳಗಿನ ಬ್ಲೇಡಿಗೆ ಎಷ್ಟು ದೂರವಿದೆ ಎಂದು ಟೇಪು ಹಿಡಿದು ಅಳೆಯಿರಿ. ಮೈ ಬಗ್ಗಿಸಿ ಕೈ ಚಾಚಿದರೆ ಒಂದು ಮೀಟರ್ ಸುಲಭವಾಗಿ ಎಟಕುತ್ತದೆ. ಅಳತೆ ಅದಕ್ಕಿಂತ ಸಾಕಷ್ಟು ಹೆಚ್ಚಿಲ್ಲದಿದ್ದರೆ ಬಿಟ್ಟುಬಿಡಿ, ಎಷ್ಟೇ ಅಗ್ಗವಾಗಿರಲಿ.

ರೋಲರ್ ಇರುವ ಯಂತ್ರದಲ್ಲಿ ಕೊಂಬೆ ಒಳಹೋಗುವ ವೇಗ ರೋಲರಿನ ಹಿಡಿತದಲ್ಲಿರುತ್ತದೆ. ಅಪಾಯ ಕಂಡರೆ ನಿಲ್ಲಿಸಬಹುದು, ಹಿಂದಕ್ಕೂ ತಿರುಗಿಸಬಹುದು. ಇಲ್ಲಿ ಎಳೆದುಕೊಳ್ಳುವುದು ಬ್ಲೇಡೇ. 4 ಬ್ಲೇಡಿನ ಡ್ರಮ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತದೆ, ಒಂದೊಂದು ಬ್ಲೇಡೂ 6 ಮಿ.ಮೀ. ಕಚ್ಚುತ್ತದೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 48 ಮೀಟರ್, ಅಂದರೆ ಸೆಕೆಂಡಿಗೆ 80 ಸೆಂ.ಮೀ. ಒಂದೂವರೆ ಮೀಟರ್ ಕೊಂಬೆ ಎರಡು ಸೆಕೆಂಡಿನೊಳಗೆ ಮುಗಿಯಿತು. ಅಂಗಿಯ ತೋಳು ಕವಲಿಗೆ ಸಿಕ್ಕಿದರೆ ಬಿಡಿಸಿಕೊಳ್ಳಲು ಇರುವುದೂ ಅಷ್ಟೇ ಹೊತ್ತು. ಎಂಜಿನ್ ಆಫ್ ಮಾಡಿದರೂ ಭಾರದ ಡ್ರಮ್ ಕೂಡಲೇ ನಿಲ್ಲುವುದಿಲ್ಲ.

ಅಳತೆ ಸರಿಯಿದ್ದು ಕೊಂಡರೆ, ಬುಡದ ಕಡೆಯಿಂದಲೇ ಕೊಡಿ. ಕವಲುಗಳು ತುದಿಯತ್ತ ಮಡಚಿಕೊಂಡು ಒಳಹೋಗುತ್ತವೆ. ತುದಿಯಿಂದ ಕೊಟ್ಟರೆ ಅವೇ ಅಗಲಿಕೊಂಡು ಸಿಕ್ಕಿಬೀಳುತ್ತವೆ. ಬಾಯಿಗೆ ಎದುರು ನಿಲ್ಲದೆ ಪಕ್ಕದಲ್ಲಿ ನಿಲ್ಲಿ. ಬ್ಲೇಡ್ ಕಚ್ಚಿದ ಕ್ಷಣ ಕೊಂಬೆ ಚಾಟಿಯಂತೆ ಬೀಸುತ್ತದೆ, ಅದಕ್ಕೇ ಕಚ್ಚಿದೊಡನೆ ಕೈಬಿಟ್ಟು ಸರಿಯಬೇಕು. ಡೊಂಕು ಕವಲುಗಳನ್ನು ಮೊದಲೇ ಗರಗಸದಿಂದ ಕತ್ತರಿಸಿಡಿ. ಗಿಡ್ಡ ತುಂಡುಗಳನ್ನು ಉದ್ದ ಕೊಂಬೆಯಿಂದ ತಳ್ಳಿ. ಕೈ, ಕಾಲು ಎರಡೂ ಬೇಡ. ಕನ್ನಡಕ, ಕಿವಿಗೆ ಮಫ್, ಮೈಗೆ ಅಂಟಿದ ಉಡುಪು ಬೇಕು. ಮಣಿಕಟ್ಟಿನಲ್ಲಿ ಸಡಿಲವಾದ ಕೈಗವಸು ಬೇಡ. ಕೊಂಬೆಗೆ ಕಟ್ಟಿದ ಹಗ್ಗವನ್ನು ಪೂರ್ತಿ ಬಿಚ್ಚಿ ದೂರವಿಡಿ, ಅದರ ಒಂದು ಸುತ್ತು ಕಾಲಿಗಿದ್ದರೂ ಸಾಕು ಮನುಷ್ಯನನ್ನೇ ಎಳೆದುಕೊಳ್ಳುತ್ತದೆ. ಒಬ್ಬರೇ ಇರುವಾಗ ಈ ಯಂತ್ರ ಚಾಲೂ ಮಾಡಲೇಬೇಡಿ.

ಪ್ರಶ್ನೆ: ಚಕ್ಕೆ ಬರುವ ಬದಲು ನಾರು ನಾರಾಗಿ ಬರುತ್ತಿದೆ. ಯಂತ್ರ ಕೊಂಬೆಯನ್ನು ಎಳೆದುಕೊಳ್ಳುತ್ತಿಲ್ಲ, ಕೊಂಬೆ ಕುಪ್ಪಳಿಸುತ್ತದೆ. ಏನು ತೊಂದರೆ?

ಉತ್ತರ: ಒಂದು ಚಕ್ಕೆ ಕೈಯಲ್ಲಿ ಹಿಡಿದು ನೋಡಿ. ಹರಿತ ಬ್ಲೇಡಿನದಾದರೆ ಅಂಚು ನುಣುಪಾಗಿ ಕತ್ತರಿಸಿರುತ್ತದೆ. ಮೊಂಡಾದರೆ ಜಜ್ಜಿದಂತಿದ್ದು ಬಾಲದಂತೆ ನಾರು ನೇತಾಡುತ್ತದೆ. ಈ ಯಂತ್ರದಲ್ಲಿ ಇದು ಬರೀ ಗುಣಮಟ್ಟದ ಮಾತಲ್ಲ. ಬ್ಲೇಡ್ ಎಳೆಯದಿದ್ದರೆ ನೀವು ತಳ್ಳತೊಡಗುತ್ತೀರಿ, ಕೈ ಒಳಹೋಗುವುದೇ ಆಗ.

ಬ್ಲೇಡ್ ಬಿಚ್ಚುವ ಮೊದಲು, ಪೆಟ್ರೋಲ್ ಎಂಜಿನ್ ಆದರೆ ಸ್ಪಾರ್ಕ್ ಪ್ಲಗ್ ವೈರ್, ಡೀಸೆಲ್ ಆದರೆ ಬ್ಯಾಟರಿ ವೈರ್ ಕಳಚಿ. ಡ್ರಮ್ ತಿರುಗದಂತೆ ಮರದ ಬೆಣೆ ಕೊಡಿ. ಎಲ್ಲ ಬ್ಲೇಡುಗಳನ್ನೂ ಒಟ್ಟಿಗೆ ಬಿಚ್ಚಿ, ಮೂಲ ಕೋನ ಕೆಡದಂತೆ ಒಂದೇ ಅಳತೆಗೆ ಸಾಣೆ ಹಿಡಿಸಿ. ಉಕ್ಕು ನೀಲಿಗಟ್ಟಿತೆಂದರೆ ಅತಿ ಬಿಸಿಯಾಗಿ ಗಡಸುತನ ಹೋಯಿತೆಂದು ಅರ್ಥ. ಎದುರುಬದುರಿನ ಬ್ಲೇಡುಗಳನ್ನು ತಕ್ಕಡಿಯಲ್ಲಿ ತೂಗಿ. ವ್ಯತ್ಯಾಸವಿದ್ದರೆ ಡ್ರಮ್ ಅದುರಿ ಬೇರಿಂಗ್ ತಿನ್ನುತ್ತದೆ. ಕೂರಿಸಿದ ಮೇಲೆ ಪ್ರತಿ ಬ್ಲೇಡಿಗೂ ಕೆಳಗಿನ ಸ್ಥಿರ ಬ್ಲೇಡಿಗೂ ನಡುವಿನ ಸಂದನ್ನು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿಗಳು) ಅಳೆಯಿರಿ. ತಯಾರಕರ ಪುಸ್ತಕ ಹೇಳಿದ ಅಳತೆಯೇ ಇರಲಿ, ಸಾಮಾನ್ಯವಾಗಿ 1ರಿಂದ 2 ಮಿ.ಮೀ. ಇರುತ್ತದೆ. ಸ್ಥಿರ ಬ್ಲೇಡಿನ ಅಂಚು ದುಂಡಾಗಿದ್ದರೆ ಮೇಲಿನವನ್ನು ಎಷ್ಟು ಹರಿತ ಮಾಡಿದರೂ ನಾರು ತಪ್ಪದು. ಹಳೆಯ ಬೋಲ್ಟ್ ಮತ್ತೆ ಹಾಕಬೇಡಿ. ಅದೇ ದರ್ಜೆಯ ಹೊಸದನ್ನು ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿದು, ಒಂದು ಗಂಟೆ ಓಡಿಸಿದ ಮೇಲೆ ಯಂತ್ರ ನಿಲ್ಲಿಸಿ ಮತ್ತೆ ಪರೀಕ್ಷಿಸಿ.

ಪ್ರಶ್ನೆ: ಮುಚ್ಚಳ ತೆರೆದಿದ್ದರೆ ಎಂಜಿನ್ ಓಡದಂತೆ ತಡೆಯುವ, ಡ್ರಮ್ ಮುಚ್ಚಳದ ಸೇಫ್ಟಿ ಸ್ವಿಚ್ ಕೆಟ್ಟಿದೆ. ವೈರ್ ನೇರ ಜೋಡಿಸಿ ಓಡಿಸಬಹುದೇ?

ಉತ್ತರ: ಬೇಡ, ಸ್ವಿಚ್ ಬದಲಿಸಿ. ತಿರುಗುವ ಡ್ರಮ್ಮಿಗೆ ಮುಚ್ಚಳ ತಾಗಿದರೆ ಅದೇ ಸಿಡಿದು ಬಂದು ಹೊಡೆಯುತ್ತದೆ. ಮೂಲದಲ್ಲೇ ಸ್ವಿಚ್ ಇಲ್ಲದ ಮಾದರಿಯಾದರೆ ಮುಚ್ಚಳಕ್ಕೆ ಬೋಲ್ಟ್ ಬಿಗಿದು ಬೀಗ ಹಾಕಿ, ಕೀಲಿ ಎಂಜಿನ್ ಕೀಲಿಯ ಜೊತೆಗೇ ಇರಲಿ. ಡ್ರಮ್ ಶಾಫ್ಟಿನ ಪುಲ್ಲಿ ಪೂರ್ತಿ ನಿಂತದ್ದು ಕಣ್ಣಿಗೆ ಕಾಣುವವರೆಗೆ ಬೀಗ ತೆಗೆಯಬೇಡಿ.